ನೂಲು ಯಾರ ಕೈಯಲ್ಲಿ

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು. ಆ ಕಡೆ ಅವರ ನುಗ್ಗೆಮರ, ಈ ಕಡೆ ನಮ್ಮ ಕರಿಬೇವು. ಮೈಸೂರಿನ ಸರಸ್ವತಿಪುರಕ್ಕೆ ನಾವು ಬಂದಂದಿನಿಂದ ಸೊಪ್ಪು, ಹೂವು, ಹೆಪ್ಪಿಗೆ ಮಜ್ಜಿಗೆ, ಕಷ್ಟಸುಖ ಎಲ್ಲ ಈ ಗೋಡೆಯ ಮೇಲೇ ಸಾಗುತ್ತಾ ಬಂದಿವೆ. ಮೊನ್ನೆ ಬೆಳಗ್ಗೆ ಮೇಷ್ಟ್ರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ನುಗ್ಗೆಸೊಪ್ಪಿನ ಜೊತೆಗೆ ಒಂದು ಕಾಗದವನ್ನೂ ಗೋಡೆಯ ಮೇಲಿಟ್ಟರು.

"ಇದನ್ನ ಸ್ವಲ್ಪ ನೋಡಮ್ಮ. ಒಂದು ಸಲ ಮನೆ, ಒಂದು ಸಲ ಹಿಂದಿನ ರೂಮು ಅಂತ ನೀನು ಎರಡು ಸಲ ಕಟ್ಟಿಸಿದವಳು."

ಕಂಟ್ರಾಕ್ಟರು ಕೊಟ್ಟ ಕೊಟೇಷನ್ನು. ಒಂದೇ ಹಾಳೆ. ಅವರ ಮಾವನವರ ಕಾಲದ ಹೆಂಚಿನ ಮನೆಯನ್ನು ಇಳಿಸಿ, ಕೆಳಗೆ ಇವರಿಬ್ಬರಿಗೆ, ಮೇಲೆ ಮಗನಿಗೆ ಅಂತ ಎಲ್ಲ ಸೇರಿ 20 ಚದರ ಕಟ್ಟುವ ಯೋಚನೆ. ಆ ಮನೆಗೆ ಅವರು ಮದುವಣಗಿತ್ತಿಯಾಗಿ ಬಂದವರು. ಇಳಿಸುವ ಮಾತು ಬಂದಾಗಲೆಲ್ಲ ಅವರ ಕೈ ತಾನಾಗಿ ಜಗಲಿಯ ಕಂಬದ ಮೇಲೆ ಹೋಗುವುದನ್ನು ನಾನು ಕಂಡಿದ್ದೇನೆ.

"ಮಗ ಆರ್ಕಿಟೆಕ್ಟ್ ಹತ್ರ ಹೋಗಿ ಅಂತಾನೆ. ಇವರು, ಸುಮ್ಮನೆ ಕಾಗದದ ಮೇಲೆ ಗೆರೆ ಎಳೆಯೋದಕ್ಕೆ ಯಾಕೆ ದುಡ್ಡು, ಕಂಟ್ರಾಕ್ಟರೇ ಪ್ಲಾನೂ ಹಾಕ್ಕೊಡ್ತಾರೆ, ಅವರಿಗೇ ವಹಿಸಿಬಿಡೋಣ ಅಂತಾರೆ. ನೀನೇನಂತೀಯ?"

ನಾನು ತಕ್ಷಣ ಏನೂ ಹೇಳಲಿಲ್ಲ. "ಒಂದು ನಿಮಿಷ ಈ ಕಡೆ ಬನ್ನಿ ಅಕ್ಕ" ಎಂದು ಗೇಟಿನಿಂದ ಒಳಗೆ ಕರೆದು, ನಮ್ಮ ಮೆಟ್ಟಿಲ ಮುಂದೆ ನಿಲ್ಲಿಸಿ, ಅಳತೆ ಟೇಪು ಕೈಗೆ ಕೊಟ್ಟೆ. ಮೊದಲ ಮೆಟ್ಟಿಲು 5 ಇಂಚು. ಎರಡನೆಯದು ಆರೂವರೆ. ಮೂರು, ನಾಲ್ಕು, ಹೀಗೆ ಮೇಲಿನವರೆಗೂ ಆರೂವರೆ. ಕಟ್ಟಕಡೆಯದು ಮಾತ್ರ 8 ಇಂಚು.

ಯಾಕೆ ಹೀಗಾಯಿತು ಎನ್ನುವುದು ಕಷ್ಟದ ಲೆಕ್ಕವೇನಲ್ಲ. ಕಾಂಕ್ರೀಟು ಹಾಕುವಾಗ ಮೇಸ್ತ್ರಿ ಎಲ್ಲ ಮೆಟ್ಟಿಲನ್ನೂ ಸರಿಯಾಗಿ ಆರೂವರೆ ಇಂಚಿಗೇ ಇಳಿಸಿದ್ದರು. ಆಮೇಲೆ ಮೆಟ್ಟಿಲ ಮೇಲೆ ಗ್ರಾನೈಟು ಬಂತು, ಅಡಿಯ ಗಾರೆಯೂ ಸೇರಿ ಒಂದೂವರೆ ಇಂಚು ದಪ್ಪ. ಕೆಳಗಿನ ಹಾಲಿಗೂ ಮೇಲಿನ ಮಹಡಿಗೂ ಟೈಲ್ಸ್ ಬಂತು, ಅದು ಬೆಡ್ ಸೇರಿ 3 ಇಂಚು. ಕೆಳಗಿನ ನೆಲ ಮೆಟ್ಟಿಲಿಗಿಂತ ಒಂದೂವರೆ ಇಂಚು ಹೆಚ್ಚು ಮೇಲೆದ್ದಿತು, ಮೊದಲ ಮೆಟ್ಟಿಲು ಅಷ್ಟು ಕುಗ್ಗಿತು. ಮೇಲಿನ ನೆಲವೂ ಅಷ್ಟೇ ಮೇಲೆದ್ದಿತು, ಕೊನೆಯ ಮೆಟ್ಟಿಲು ಅಷ್ಟು ಬೆಳೆಯಿತು. ಕಾಲಿಗೆ ನೆನಪಿರುತ್ತದೆ ಅಕ್ಕ. ಸಾಲಾಗಿ ಹದಿನಾಲ್ಕು ಮೆಟ್ಟಿಲು ಆರೂವರೆ ಇಂಚು ಎತ್ತಿದ ಕಾಲು ಹದಿನಾರನೆಯದಕ್ಕೂ ಆರೂವರೆಯನ್ನೇ ಎತ್ತುತ್ತದೆ. ನಮ್ಮತ್ತೆ ಆ ಕೊನೆಯ ಮೆಟ್ಟಿಲಲ್ಲಿ ಎರಡು ಸಲ ಎಡವಿದರು. ಎರಡನೆಯ ಸಲ ಬಿದ್ದು ಮಣಿಕಟ್ಟಿನ ಮೂಳೆ ಮುರಿಯಿತು. ಅಲ್ಲಿಗೆ ಅವರು ಮಹಡಿ ಹತ್ತುವುದನ್ನೇ ಬಿಟ್ಟರು. ಪ್ರತಿ ಬೇಸಿಗೆಯಲ್ಲೂ ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದ ಜೀವ, ಆಮೇಲೆ ಬಿಸಿಲು ಕಾಣುವುದಕ್ಕೆ ಹಿತ್ತಲ ಬಾಗಿಲಲ್ಲಿ ಕೂರುತ್ತಿದ್ದರು.

ನಮ್ಮ ಮನೆ ಕಟ್ಟಿದ ಕಂಟ್ರಾಕ್ಟರು ಮೋಸಗಾರರಲ್ಲ. ಹೇಳಿದ ಸಿಮೆಂಟನ್ನೇ ತಂದರು, ಹೇಳಿದ ತಿಂಗಳಿಗೇ ಗೃಹಪ್ರವೇಶ ಮಾಡಿಸಿದರು. ಮೆಟ್ಟಿಲು ತೋರಿಸಿದಾಗ "ಎಲ್ಲರ ಮನೇಲೂ ಒಂದಿಷ್ಟು ಹಂಗೇ ಬರುತ್ತೆ ತಾಯಿ" ಎಂದರು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ. ತಪ್ಪು ಎಲ್ಲಿಯದು ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಕಾಂಕ್ರೀಟಿನವರು ತಮ್ಮ ಕೆಲಸ ಸರಿ ಮಾಡಿದರು. ಗ್ರಾನೈಟಿನವರು ತಮ್ಮದು ಸರಿ ಮಾಡಿದರು. ಟೈಲ್ಸಿನವರೂ ಅಷ್ಟೇ. ಮೂರು ಕೆಲಸವೂ ಮುಗಿದ ಮೇಲೆ ಮೆಟ್ಟಿಲು ಹೇಗಿರುತ್ತದೆ ಎಂದು ಮೂರಕ್ಕೂ ಮುಂಚೆ ನೋಡುವ ಕೆಲಸಕ್ಕೆ ಮಾತ್ರ ನಾವು ಯಾರನ್ನೂ ಇಟ್ಟಿರಲಿಲ್ಲ. ಆರ್ಕಿಟೆಕ್ಟರಿಗೆ ಕೊಡುವ ದುಡ್ಡು ಇದಕ್ಕೆ. ಎಲಿವೇಷನ್ನು ಚೆಂದ ಕಾಣಲಿ ಅನ್ನುವುದು ಅದರಲ್ಲಿ ಒಂದು ಸಣ್ಣ ಭಾಗ.

ಮತ್ತೆ ಗೋಡೆಯ ಹತ್ತಿರ ಬಂದು ಆ ಹಾಳೆಯನ್ನು ಇಬ್ಬರೂ ಓದಿದೆವು. ಚದರಕ್ಕೆ ಇಷ್ಟು ರೂಪಾಯಿ, 20 ಚದರಕ್ಕೆ ಇಷ್ಟು. ನಮ್ಮ ಕಡೆ ಚದರ ಎಂದರೆ 100 ಚದರಡಿ, ಅದು ಎಲ್ಲರಿಗೂ ಗೊತ್ತು. ಆದರೆ ಯಾವುದನ್ನು ಅಳೆದು 20 ಎನ್ನುತ್ತಾರೆ? ಪೋರ್ಟಿಕೋ ಪೂರ್ತಿ ಲೆಕ್ಕವೋ ಅರ್ಧವೋ? ತಾರಸಿಯ ಮೇಲಿನ ಮೆಟ್ಟಿಲ ಗೂಡು ಸೇರಿದೆಯೋ? ಗೋಡೆಯ ಹೊರಮೈಗೆ ಅಳೆಯುತ್ತಾರೋ, ಮೋಲ್ಡಿನ ಅಂಚಿಗೆ ಅಳೆಯುತ್ತಾರೋ? ಸಂಪು, ಕಾಂಪೌಂಡು, ಗೇಟು, ಮಳೆನೀರು ಹಿಡಿಯುವ ಗುಂಡಿ ಇವುಗಳ ಹೆಸರೇ ಇಲ್ಲ. "ಉತ್ತಮ ಗುಣಮಟ್ಟದ ಟೈಲ್ಸ್" ಎಂದು ಬರೆದಿದೆ. ಉತ್ತಮ ಎನ್ನುವುದಕ್ಕೆ ಚದರಡಿಗೆ ಎಷ್ಟು ರೂಪಾಯಿಯದು? ಕರೆಂಟ್ ಪಾಯಿಂಟು ಎಷ್ಟು? ಮುಂಬಾಗಿಲು ತೇಗವೋ ಬೇವೋ?

"ಇನ್ನೊಬ್ಬರು ಚದರಕ್ಕೆ ಇದಕ್ಕಿಂತ ಕಡಿಮೆ ಹೇಳಿದ್ದಾರೆ" ಎಂದರು ಅಕ್ಕ.

"ಯಾವ ಮನೆಗೆ ಅಕ್ಕ? ಇಬ್ಬರ ಮನಸ್ಸಿನಲ್ಲೂ ಬೇರೆ ಬೇರೆ ಮನೆ ಇದೆಯಲ್ಲ. ಒಂದೇ ಡ್ರಾಯಿಂಗನ್ನ ಇಬ್ಬರ ಮುಂದೂ ಇಟ್ಟು, ಇದರಲ್ಲಿರೋ ಒಂದೊಂದು ಕೆಲಸಕ್ಕೂ ನಿಮ್ಮ ರೇಟು ಹೇಳಿ ಅಂದ್ರೆ ಆಗ ಯಾರು ಕಡಿಮೆ ಅನ್ನೋದು ಗೊತ್ತಾಗುತ್ತೆ."

ಈ ಮಾತಿಗೇ ನಾನು ಹೆಚ್ಚು ಒತ್ತು ಕೊಟ್ಟೆ. ಮೊದಲು ಕಂಟ್ರಾಕ್ಟರನ್ನು ಗೊತ್ತು ಮಾಡಿ, ಆಮೇಲೆ ಅವರ ಕಡೆಯಿಂದಲೇ ಪ್ಲಾನು ಬರೆಸಿದರೆ ಅದು ಪಾಲಿಕೆಯ ಪರವಾನಗಿಗೆ ಸಾಕಾಗುವ ಪ್ಲಾನು ಆಗಬಹುದು. ಕಟ್ಟುವುದಕ್ಕೆ ಅಷ್ಟು ಸಾಲದು. ರೂಮುಗಳ ಅಗಲ ಉದ್ದ ತೋರಿಸುವ ಹಾಳೆಯ ಜೊತೆಗೆ, ಮನೆಯನ್ನು ಮೇಲಿಂದ ಕೆಳಕ್ಕೆ ಸೀಳಿ ತೋರಿಸುವ ಸೆಕ್ಷನ್ ಬೇಕು. ಮೆಟ್ಟಿಲ ತಪ್ಪು ಸಿಕ್ಕಿಬೀಳುವುದು ಅಲ್ಲೇ. ಬಾಗಿಲು ಕಿಟಕಿಗಳ ಪಟ್ಟಿ, ವೈರಿಂಗಿನ ಹಾಳೆ, ನೀರಿನ ಪೈಪು ಮತ್ತು ಚರಂಡಿ ಪೈಪಿನ ಹಾಳೆ, ಬಚ್ಚಲ ಮನೆಯ ಒಳ ವಿವರ, ಇವೆಲ್ಲ ಬೇಕು. ಇಷ್ಟೂ ಕೈಗೆ ಬಂದ ಮೇಲೆ ಕಂಟ್ರಾಕ್ಟರ ಹತ್ತಿರ ರೇಟಿನ ಮಾತು.

ಅಷ್ಟರಲ್ಲಿ ಮೇಷ್ಟ್ರು ಪೇಪರು ಮಡಚಿಕೊಂಡು ಬಂದರು. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವರು. ಯಾವ ಮಾತಿಗೂ ಶಾಸನದ ಸಾಕ್ಷಿ ಸಿಗುತ್ತದೆ ಅವರಿಗೆ, ನನಗೆ ಅದು ಬಹಳ ಇಷ್ಟ.

"ಏನಮ್ಮ, ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಕಟ್ಟಿದಾಗ ಆರ್ಕಿಟೆಕ್ಟ್ ಬೇರೆ, ಕಂಟ್ರಾಕ್ಟರ್ ಬೇರೆ ಇದ್ರಾ? ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದು ಬಂದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. 8ನೇ ಶತಮಾನ. ಕಟ್ಟಿದವನು ಗುಂಡ, ಅನಿವಾರಿತಾಚಾರಿ ಅಂತ ಬಿರುದು. ರಾಜ ಅವನಿಗೆ ತ್ರಿಭುವನಾಚಾರಿ ಅನ್ನೋ ಹೆಸರು ಕೊಟ್ಟ ಅಂತ ಅಲ್ಲೇ ಕನ್ನಡದಲ್ಲಿ ಕೆತ್ತಿದೆ. ಕಲ್ಪನೆ ಮಾಡಿದವನೂ ಅವನೇ, ಕಲ್ಲು ನಿಲ್ಲಿಸಿದವನೂ ಅವನೇ. ಆಗಿನವರ ಮಾತು ಏನು ಗೊತ್ತಾ? ಸೂತ್ರಧಾರಿ. ನೂಲು ಹಿಡಿದವನು."

ಈ ಮಾತು ಕೇಳಿ ನನಗೆ ನಿಜವಾಗಿ ಸಂತೋಷವಾಯಿತು. ನಾಟಕದ ಸೂತ್ರಧಾರನನ್ನು ಬಲ್ಲ ನಮಗೆ ಗುಡಿ ಕಟ್ಟಿದವನೂ ಸೂತ್ರಧಾರಿ ಎಂಬುದು ಮರೆತೇ ಹೋಗಿದೆ. ಈಗಲೂ ಪಾಯದ ದಿನ ಮೊದಲು ಕಟ್ಟುವುದು ನೂಲನ್ನೇ. ನಾಲ್ಕು ಮೂಲೆಗೆ ಗೂಟ ಹೊಡೆದು, ನೂಲು ಎಳೆದು, ಮೂಲೆಯಿಂದ ಮೂಲೆಗೆ ಅಳೆದು ಎರಡೂ ಕರ್ಣ ಸಮ ಬಂದರೆ ಮನೆ ಮಟ್ಟಸ. ಆ ನೂಲನ್ನು ಯಾರು ಹಿಡಿಯುತ್ತಾರೆ ಎಂಬುದೇ ಅಕ್ಕನ ಪ್ರಶ್ನೆ ಕೂಡ.

"ನಿಮ್ಮ ಮಾತು ಸರಿ ಮೇಷ್ಟ್ರೇ. ಆದರೆ ಗುಂಡನ ಹಿಂದೆ ಎಷ್ಟು ತಲೆಮಾರಿನ ವಿದ್ಯೆ ಇತ್ತು! ನಮ್ಮೂರ ಅರಮನೆಗೇ ಬನ್ನಿ. 1897ರಲ್ಲಿ ಹಳೇ ಅರಮನೆ ಸುಟ್ಟುಹೋದ ಮೇಲೆ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೊಸದರ ನಕ್ಷೆ ಮಾಡಿಸಿದ್ದು ಮದರಾಸಿನ ಹೆನ್ರಿ ಇರ್ವಿನ್ ಹತ್ತಿರ. ಇಲ್ಲಿ ನಿಂತು ಕಟ್ಟಿಸಿದವರು ಅರಮನೆಯ ಎಕ್ಸಿಕ್ಯುಟಿವ್ ಇಂಜಿನಿಯರ್ ಬಿ.ಪಿ. ರಾಘವುಲು ನಾಯ್ಡು. 1912ಕ್ಕೆ ಮುಗೀತು. ನಕ್ಷೆ ಒಬ್ಬರದು, ಉಸ್ತುವಾರಿ ಒಬ್ಬರದು."

ಮೇಷ್ಟ್ರು ತಲೆದೂಗಿದರು. "ಲಾರಿ ಬೇಕರ್?" ಎಂದರು ಸ್ವಲ್ಪ ಹೊತ್ತು ಬಿಟ್ಟು.

ಹೌದು, ಬೇಕರ್ ಈ ಕಾಲದ ಸೂತ್ರಧಾರಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1917ರಲ್ಲಿ ಹುಟ್ಟಿ, ತಿರುವನಂತಪುರದಲ್ಲಿ 2007ರಲ್ಲಿ ತೀರಿಕೊಂಡ ಆರ್ಕಿಟೆಕ್ಟ್. ಗಾರೆಯವರ ಜೊತೆ ತಾವೇ ಸೈಟಿನಲ್ಲಿ ನಿಂತು ಕಟ್ಟಿಸುತ್ತಿದ್ದರು. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಗೋಡೆಯ ಹೊಟ್ಟೆಯಲ್ಲಿ ಟೊಳ್ಳು ಬಿಡುವ ಅವರ ಕಟ್ಟಣೆಯಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಒಳಗೆ ತಂಪೂ ಇರುತ್ತದೆ. ಅಂಥವರು ಸಿಕ್ಕಿದರೆ ಎರಡು ಮಾತಿಲ್ಲ, ಮನೆಯ ಕೀಲಿಕೈಯನ್ನೇ ಕೊಟ್ಟುಬಿಡಬಹುದು. ಆದರೆ ನಮ್ಮ ಬೀದಿಯ ಮೂಲೆಗೆ ಬೇಕರ್ ಬರುವುದಿಲ್ಲ. ಇರುವವರಲ್ಲಿ ಆರಿಸಬೇಕು.

ಆರಿಸುವಾಗ ಒಂದು ವಿಷಯ ಗೊತ್ತಿರಬೇಕು. ಪ್ಲಾನು ಬರೆದುಕೊಡುವವರೆಲ್ಲ ಆರ್ಕಿಟೆಕ್ಟ್ ಅಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ, 5 ವರ್ಷದ ಬಿ.ಆರ್ಕ್ ಓದಿಯೋ ತತ್ಸಮಾನ ಅರ್ಹತೆ ಪಡೆದೋ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಆ ಹೆಸರು ಹಾಕಿಕೊಳ್ಳಬಹುದು. ಅವರ ನೋಂದಣಿ ಸಂಖ್ಯೆ ಸಿಎ ಎಂಬ ಅಕ್ಷರಗಳಿಂದ ಶುರುವಾಗುತ್ತದೆ, ಕೇಳಿದರೆ ಹೇಳಬೇಕು. ಹಾಗೆಂದು ಬೇರೆಯವರು ಮನೆಯ ನಕ್ಷೆ ಬರೆಯುವಂತೆಯೇ ಇಲ್ಲ ಎಂದಲ್ಲ. ಕಾಯ್ದೆ ಕಾಯುವುದು ಆ ಹೆಸರನ್ನು, ಕೆಲಸವನ್ನಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ಬೋರ್ಡಿನ ಮೇಲೆ ಏನು ಬರೆದಿದೆ ಎಂದು ನಾವೇ ನೋಡಿಕೊಳ್ಳಬೇಕು.

ಇನ್ನೊಂದು: ಆರ್ಕಿಟೆಕ್ಟ್ ಇದ್ದರೂ ಸ್ಟ್ರಕ್ಚರಲ್ ಇಂಜಿನಿಯರ್ ಬೇಕು. ಪಿಲ್ಲರಿಗೆ ಎಷ್ಟು ದಪ್ಪದ ಕಂಬಿ, ಪಾಯ ಎಷ್ಟು ಆಳ, ಬೀಮು ಎಷ್ಟು ಎತ್ತರ ಎನ್ನುವ ಲೆಕ್ಕ ಅವರದು. ನಮ್ಮ ತಂಗಿ ಹುಬ್ಬಳ್ಳಿಯಲ್ಲಿ ಈ ಲೆಕ್ಕ ಬಿಟ್ಟು, ಪರಿಚಯದವರ ಮನೆಯ ಪಾಯದ ಅಳತೆಯನ್ನೇ ಹಾಕಿಸಿದಳು. ಆ ಮನೆ ಇದ್ದದ್ದು ಗಟ್ಟಿ ನೆಲದ ಮೇಲೆ, ಇವಳ ಸೈಟು ಎರೆಮಣ್ಣು. ಎರೆ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಎರಡನೇ ವರ್ಷಕ್ಕೇ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿತು. ಮಣ್ಣು ಪರೀಕ್ಷೆ ಮಾಡಿಸಿದ್ದರೆ ತಪ್ಪುತ್ತಿತ್ತು. ಇದನ್ನು ಆರ್ಕಿಟೆಕ್ಟೂ ಊಹಿಸಿ ಹೇಳಬಾರದು, ಮೇಸ್ತ್ರಿಯೂ ಊಹಿಸಿ ಹೇಳಬಾರದು.

"ಅಂದ್ರೆ ನೀನು ಪೂರ್ತಿ ಆರ್ಕಿಟೆಕ್ಟ್ ಪಕ್ಷ" ಎಂದರು ಮೇಷ್ಟ್ರು.

ಅಲ್ಲ. ನಮ್ಮ ನಾದಿನಿಯ ಮನೆ ನೋಡಿದ ಮೇಲೆ ಹಾಗೆ ಹೇಳಲಾರೆ. ಸಾಗರದಲ್ಲಿದ್ದಾಳೆ. ಅವಳ ಮನೆಯ ನಕ್ಷೆ ಬರೆದ ಆರ್ಕಿಟೆಕ್ಟ್ ಸೈಟಿಗೆ ಬಂದದ್ದು ಒಂದೇ ಸಲ, ಅದೂ ಮಾರ್ಚ್ ತಿಂಗಳ ಉರಿಬಿಸಿಲಲ್ಲಿ. ಗೋಡೆಗಳು ಚೊಕ್ಕವಾಗಿ ಕಾಣಲೆಂದು ಕಿಟಕಿಗಳಿಗೆ ಸಜ್ಜಾ ಬೇಡ ಎಂದರು. ಅಲ್ಲಿನ ಮೇಸ್ತ್ರಿ ಕೈ ಮುಗಿದು ಹೇಳಿದರಂತೆ: "ಸಾರ್, ಇಲ್ಲಿ ಆಷಾಢದ ಮಳೆ ಮೇಲಿಂದ ಬೀಳಲ್ಲ, ಅಡ್ಡ ಬರುತ್ತೆ." ಯಾರೂ ಕೇಳಲಿಲ್ಲ. ಮೊದಲ ಮಳೆಗಾಲಕ್ಕೇ ಪಡುವಣ ಗೋಡೆ ಒಳಗಿನಿಂದ ನೆನೆಯಿತು, ಕಪಾಟಿನ ಸೀರೆಗಳಿಗೆ ಬೂಷ್ಟು ಬಂತು. ಈಗ ಆ ಚೊಕ್ಕ ಗೋಡೆಗೆ ಕಬ್ಬಿಣದ ಕೋನ ಹೊಡೆದು ತಗಡು ಕಟ್ಟಿದ್ದಾರೆ. ಆ ಮೇಸ್ತ್ರಿಯ ತಲೆಯಲ್ಲಿ ಮೂವತ್ತು ಮಳೆಗಾಲವಿತ್ತು. ಅದಕ್ಕೆ ಬೆಲೆ ಕೊಡದ ನಕ್ಷೆ ಎಷ್ಟು ಚೆಂದವಿದ್ದರೇನು?

ಆಮೇಲೆ ನಾನು ಅವರಿಬ್ಬರಿಗೂ ಹಿಂದಿನ ರೂಮಿನ ಕಥೆ ಹೇಳಿದೆ. ನನಗೆ ಗೊತ್ತಿರುವುದೆಲ್ಲ ಕಲಿತದ್ದು ಅಲ್ಲಿಯೇ.

ಅತ್ತೆಯ ಕೈ ಮುರಿದ ಮೇಲೆ ಅವರಿಗೆಂದು ಹಿತ್ತಲಲ್ಲಿ ಒಂದು ಕೋಣೆ, ಬಚ್ಚಲು ಕಟ್ಟಿಸಿದೆವು. ಈ ಸಲ ಮೊದಲು ಹೋದದ್ದು ಒಬ್ಬ ಆರ್ಕಿಟೆಕ್ಟ್ ಹುಡುಗಿಯ ಹತ್ತಿರ. ಬಂದವಳು ಟೇಪು ತೆಗೆಯಲೇ ಇಲ್ಲ. ಅತ್ತೆಯ ಪಕ್ಕ ಕೂತು, "ಅಜ್ಜಿ, ರಾತ್ರಿ ಎಷ್ಟು ಸಲ ಏಳ್ತೀರಿ? ಮಂಚದಿಂದ ಯಾವ ಮಗ್ಗುಲಿಗೆ ಇಳೀತೀರಿ? ಬೆಳಗ್ಗೆ ಎದ್ದ ತಕ್ಷಣ ಏನು ನೋಡೋಕೆ ಇಷ್ಟ?" ಎಂದು ಕೇಳಿದಳು. ಅತ್ತೆ "ನಂದಬಟ್ಟಲು ಗಿಡ" ಎಂದರು. ಕಿಟಕಿಯ ಕೆಳಗಿನ ಗೋಡೆಯನ್ನು 2 ಅಡಿಗೇ ನಿಲ್ಲಿಸಿ, ಮಲಗಿದಲ್ಲಿಂದಲೇ ಆ ಗಿಡ ಕಾಣುವ ಹಾಗೆ ಬರೆದಳು. ಬಾಗಿಲು 3 ಅಡಿ ಅಗಲ, ಮುಂದೆ ಗಾಲಿಕುರ್ಚಿ ಬೇಕಾದರೂ ಹೋಗಲಿ ಎಂದು. ಹೊಸ್ತಿಲು ಇಲ್ಲ. ಬಚ್ಚಲ ಬಾಗಿಲು ಹೊರಗೆ ತೆಗೆಯುವಂಥದ್ದು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆಗೆಯುವ ಬಾಗಿಲಿಗೆ ಅವರ ಮೈಯೇ ಅಡ್ಡವಾಗುತ್ತದಂತೆ. ಇದನ್ನು ನಮ್ಮಲ್ಲಿ ಯಾರೂ ಯೋಚಿಸಿಯೇ ಇರಲಿಲ್ಲ.

ಕಟ್ಟುವುದಕ್ಕೆ ನಾವು ಕರೆದದ್ದು ಆ 8 ಇಂಚಿನ ಮೆಟ್ಟಿಲು ಹಾಕಿದ ಮೇಸ್ತ್ರಿಯನ್ನೇ. ನಮ್ಮನೆಯವರು ಬೇಡ ಎಂದರು. ನಾನೇ ಹಟ ಮಾಡಿದೆ, ಅವರ ಕೈಕೆಲಸ ನನಗೆ ಗೊತ್ತಿತ್ತು. ನಕ್ಷೆಯಲ್ಲಿ ನೆಲದ ಮಟ್ಟಗಳನ್ನೆಲ್ಲ ಟೈಲ್ಸು ಹಾಕಿ ಮುಗಿದ ಮೇಲಿನ ಮಟ್ಟ ಎಂದೇ ಬರೆದಿತ್ತು. ಹಳೇ ಮನೆಯ ನೆಲ ಸೊನ್ನೆ, ಹೊಸ ಕೋಣೆ ಸೊನ್ನೆ, ಬಚ್ಚಲು ಅರ್ಧ ಇಂಚು ಕೆಳಗೆ. ಮೇಸ್ತ್ರಿ ಆ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, ದಿನಾ ಬೆಳಗ್ಗೆ ಕರಣೆ ಹಿಡಿಯುವ ಮುಂಚೆ ಅದರ ಮುಂದೆ ನಿಲ್ಲುತ್ತಿದ್ದರು. ಹಳೇ ಮನೆಯಿಂದ ಹೊಸ ಕೋಣೆಗೆ ಇಂದಿಗೂ ಬರಿಗಾಲಲ್ಲಿ ಕಣ್ಣು ಮುಚ್ಚಿ ನಡೆದರೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ತಿಳಿಯುವುದಿಲ್ಲ. ಆ ಮೆಟ್ಟಿಲು ಹಾಕಿದ್ದೂ ಅದೇ ಕೈ, ಈ ನೆಲ ಹಾಸಿದ್ದೂ ಅದೇ ಕೈ.

ಅದೇ ಮೇಸ್ತ್ರಿ ಒಂದು ದಿನ ಕೆಲಸ ನಿಲ್ಲಿಸಿದರು. ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡಿ, "ಅಮ್ಮ, ಮೇಡಂಗೆ ಫೋನ್ ಮಾಡಿ. ಬಚ್ಚಲ ಪೈಪು ಹಳೇ ಚೇಂಬರಿಗೆ ಇಳಿಯಲ್ಲ" ಎಂದರು. 4 ಇಂಚಿನ ಪೈಪಿಗೆ ಸುಮಾರು 40 ಅಡಿಗೆ 1 ಅಡಿ ಇಳಿಜಾರು ಬೇಕು. ನಕ್ಷೆಯ ಪ್ರಕಾರ ಹೋದರೆ ಪೈಪು ಚೇಂಬರಿನ ತಳಕ್ಕಿಂತ ಕೆಳಗೆ ಹೋಗಿ ಸೇರುತ್ತಿತ್ತು. ಆ ಹುಡುಗಿ ಸಂಜೆಯೇ ಬಂದಳು. ಮೇಸ್ತ್ರಿಯ ಜೊತೆ ಮಣ್ಣಿನಲ್ಲಿ ಕೂತು, ಬಚ್ಚಲನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ, ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದಿ ತಾರೀಖು ಹಾಕಿ ಸಹಿ ಮಾಡಿದಳು. "ಮೇಸ್ತ್ರಿ, ನೀವು ಹೇಳಿದ್ದು ಒಳ್ಳೇದಾಯ್ತು" ಎಂದು ಎಲ್ಲರ ಮುಂದೆ ಹೇಳಿದಳು. ಆ ಮಾತಿಗೆ ಅವರ ಮುಖ ಅರಳಿದ್ದು ನನ್ನ ಕಣ್ಣಿಗೆ ಕಟ್ಟಿದೆ.

ಆದ್ದರಿಂದ ನನ್ನ ಮಾತು ಇಷ್ಟೇ ಅಕ್ಕ, ಎಂದೆ. ಮುಂದಾಳು ಆರ್ಕಿಟೆಕ್ಟೇ ಆಗಲಿ. ಯಾಕೆಂದರೆ ನಮ್ಮ ಕಡೆಯಿಂದ ನಿಂತು ನೋಡುವವರು ಬೇಕು, ಮತ್ತು ಅವರ ಗಳಿಕೆ ಸಿಮೆಂಟು ಮೂಟೆಯ ಮೇಲೆ ನಿಂತಿರಬಾರದು. ಆದರೆ ಪಾಯ ತೆಗೆಯುವ ಮುಂಚೆಯೇ ಕಟ್ಟುವವರನ್ನು ಕರೆದು ನಕ್ಷೆಯ ಮುಂದೆ ಕೂರಿಸಬೇಕು. ಸೈಟಿಗೆ ಬರದ ಆರ್ಕಿಟೆಕ್ಟ್ ಬೇಡ. ಯಾವ ಯಾವ ದಿನ ಬರುತ್ತಾರೆ ಎಂಬುದು ಒಪ್ಪಂದದಲ್ಲೇ ಇರಲಿ: ನೂಲು ಕಟ್ಟುವ ದಿನ, ಪಾಯದ ಕಾಂಕ್ರೀಟಿನ ಮುಂಚೆ, ಲಿಂಟೆಲ್ ಮಟ್ಟದಲ್ಲಿ, ಕಂಬಿ ಕಟ್ಟಿ ಮುಗಿದು ಮೋಲ್ಡ್ ಹಾಕುವ ಹಿಂದಿನ ದಿನ, ಪ್ಲಂಬಿಂಗ್ ಪೈಪು ಮುಚ್ಚುವ ಮುಂಚೆ. ಮುಚ್ಚಿಹೋಗುವ ಕೆಲಸ ಮುಚ್ಚುವ ಮುಂಚೆ ನೋಡಿಸಿಕೊಳ್ಳಬೇಕು. ಮೋಲ್ಡ್ ಹಾಕುವ ಹಿಂದಿನ ದಿನವಾದರೆ ಸ್ಟ್ರಕ್ಚರಲ್ ಇಂಜಿನಿಯರೂ ಬಂದು ಕಂಬಿ ಎಣಿಸಲೇಬೇಕು.

"ದಿನಾ ಯಾರು ನೋಡ್ತಾರೆ? ಅವರು ಐದು ದಿನ ಬಂದ್ರೆ ಉಳಿದ ದಿನ?" ಅಕ್ಕನ ಪ್ರಶ್ನೆ ಸರಿಯಾಗಿತ್ತು.

ಉಳಿದ ದಿನ ಮೇಷ್ಟ್ರಿದ್ದಾರಲ್ಲ. ನಲವತ್ತು ಹುಡುಗರನ್ನು ಒಂದೇ ನೋಟದಲ್ಲಿ ಹಿಡಿದವರಿಗೆ ಇದೇನು ದೊಡ್ಡದಲ್ಲ. ಕಾಂಕ್ರೀಟು ಸಲೀಸಾಗಿ ಜಾರಲಿ ಎಂದು ಕೆಲಸದವರು ನೀರು ಹೆಚ್ಚು ಸುರಿಯುತ್ತಾರೆ, ಅದು ಬಲವನ್ನೇ ತಿನ್ನುತ್ತದೆ. ಒಂದು ಸಿಮೆಂಟು, ಒಂದೂವರೆ ಮರಳು, 3 ಜಲ್ಲಿ ಎನ್ನುವ ಎಂ20 ಮಿಶ್ರಣಕ್ಕೆ 50 ಕೆ.ಜಿ.ಯ ಒಂದು ಮೂಟೆಗೆ 30 ಲೀಟರಿಗಿಂತ ಹೆಚ್ಚು ನೀರು ಬೇಡ ಎಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಬಕೆಟ್ಟು ಎಣಿಸಿದರೆ ಸಾಕು. ಕಂಬಿ ಬಂದ ದಿನ ತೂಕ ನೋಡಬಹುದು. 12 ಮಿ.ಮೀ. ದಪ್ಪ, 12 ಮೀಟರ್ ಉದ್ದದ ಒಂದು ಕಂಬಿ ಸುಮಾರು 10.6 ಕೆ.ಜಿ. ಇರಬೇಕು. ಇನ್ನು ನೀರು ಕಟ್ಟುವುದು, ನನಗೆ ಬಹಳ ಮುಖ್ಯ ಎನಿಸುವುದು ಅದು. ಮಾಮೂಲಿ ಸಿಮೆಂಟಿಗೆ 7 ದಿನವಾದರೂ, ಈಗ ಎಲ್ಲ ಕಡೆ ಬರುವ ಪಿಪಿಸಿ ಸಿಮೆಂಟಿಗೆ 10 ದಿನವಾದರೂ ಕಾಂಕ್ರೀಟು ಒಣಗದ ಹಾಗೆ ನೋಡಿಕೊಳ್ಳಬೇಕು. ನಮ್ಮ ಹಿಂದಿನ ಕೋಣೆಯ ತಾರಸಿಗೆ ಸುತ್ತ ಮಣ್ಣಿನ ಕಟ್ಟೆ ಕಟ್ಟಿ, ಎರಡು ವಾರ ಬೆಳಗ್ಗೆ ಸಂಜೆ ನಾನೇ ಪೈಪು ಹಿಡಿದು ನೀರು ನಿಲ್ಲಿಸಿದ್ದೇನೆ. ಇಂದಿಗೂ ಒಂದು ಹನಿ ಸೋರಿಲ್ಲ.

ಮಗ ಬೆಂಗಳೂರಿನ ಒಂದು ಕಂಪನಿಯ ವಿವರ ಕಳಿಸಿದ್ದಾನೆ ಎಂದು ಅಕ್ಕ ಫೋನು ತೋರಿಸಿದರು. ನಕ್ಷೆ, ಕಟ್ಟಡ, ಬಣ್ಣ, ಕಪಾಟು ಎಲ್ಲ ಅವರೇ. ಕೀಲಿಕೈ ತೆಗೆದುಕೊಂಡು ಹೋದರಾಯಿತು. ಊರಲ್ಲಿ ಇಲ್ಲದವರಿಗೆ, ದಿನಾ ಬಂದು ನಿಲ್ಲಲಾಗದವರಿಗೆ ಅದರಲ್ಲಿ ಅನುಕೂಲವಿದೆ ಎಂದು ಒಪ್ಪುತ್ತೇನೆ. ಏನಾದರೂ ಕೆಟ್ಟರೆ ಅವರನ್ನು ಕೇಳಿ, ಇವರನ್ನು ಕೇಳಿ ಎಂದು ಅಲೆಯಬೇಕಿಲ್ಲ. ಆದರೆ ನಕ್ಷೆಯಲ್ಲಿ ಇರುವಂತೆಯೇ ಕಟ್ಟಿದ್ದಾರಾ ಎಂದು ನೋಡುವವರೂ, ಕಟ್ಟುವವರೂ ಒಂದೇ ಕಂಪನಿಯಿಂದ ಸಂಬಳ ತೆಗೆದುಕೊಳ್ಳುತ್ತಾರೆ. ಆ ದಾರಿ ಹಿಡಿದರೂ ಹೊರಗಿನ ಒಬ್ಬ ಇಂಜಿನಿಯರನ್ನು ಮೋಲ್ಡಿನ ಹಿಂದಿನ ದಿನವಾದರೂ ಕರೆಸಿ ತೋರಿಸಿ ಎಂದೆ.

ದುಡ್ಡಿನ ಮಾತು ಬಂದಾಗ ಮೇಷ್ಟ್ರು ಹತ್ತಿರ ಸರಿದು ನಿಂತರು. ಪಾಯ, ಲಿಂಟೆಲ್, ಮೋಲ್ಡ್, ಗಾರೆ, ಟೈಲ್ಸ್, ಬಣ್ಣ, ಹೀಗೆ ಹಂತ ಕಟ್ಟಿ, ಮುಗಿದ ಕೆಲಸಕ್ಕೆ ಮಾತ್ರ ಹಣ. ಮುಂಗಡ ಹೆಚ್ಚು ಕೊಟ್ಟರೆ ನಮ್ಮ ಸೈಟಿನ ಹಣ ಇನ್ನೊಬ್ಬರ ಸೈಟಿಗೆ ಇಟ್ಟಿಗೆಯಾಗಿ ಹೋಗುತ್ತದೆ. ಕೊನೆಗೆ ನೂರಕ್ಕೆ 5ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವುದು ಎಂದು ಮೊದಲೇ ಬರೆಸಬೇಕು. ಮಧ್ಯದಲ್ಲಿ ಏನಾದರೂ ಬದಲಾವಣೆ ಬೇಕೆಂದರೆ ಬಾಯಿಮಾತಲ್ಲಿ ಹೇಳದೆ, ಅದರ ಖರ್ಚು ಬರೆಸಿಕೊಂಡು ಆಮೇಲೆ ಹೂಂ ಅನ್ನಬೇಕು. ನಾವು ಮೊದಲ ಮನೆಯಲ್ಲಿ "ಇಲ್ಲೊಂದು ಗೂಡು, ಅಲ್ಲೊಂದು ಅಟ್ಟ" ಎಂದು ಹೇಳುತ್ತಾ ಹೋಗಿ, ಕೊನೆಯ ಬಿಲ್ಲು ನೋಡಿ ನಮ್ಮನೆಯವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಜಗಳವೇ ಬಂದರೆ, ಮನೆ ಕಟ್ಟಿಕೊಡುವುದನ್ನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವೆ ಎಂದೇ ಎಣಿಸುತ್ತದೆ. ಅಲ್ಲಿ ತೋರಿಸಲಿಕ್ಕೂ ಬರೆದ ಕಾಗದವೇ ಬೇಕು.

"ಬರೀ ಬಚ್ಚಲು ಮನೆ ಟೈಲ್ಸ್ ಬದಲಾಯಿಸೋದಕ್ಕೂ ಇಷ್ಟೆಲ್ಲ ಬೇಕಾ?" ಎಂದರು ಮೇಷ್ಟ್ರು. ಖಂಡಿತ ಬೇಡ. ಸೋರುವ ತಾರಸಿ, ಒಡೆದ ಗಾರೆ, ಕಾಂಪೌಂಡು, ಇಂಥವಕ್ಕೆ ಒಳ್ಳೆಯ ಮೇಸ್ತ್ರಿ ಸಾಕು. ಗೋಡೆ ತೆಗೆಯುವುದಾದರೆ, ಮೇಲೆ ಮಹಡಿ ಏರಿಸುವುದಾದರೆ ಮಾತ್ರ ಇಂಜಿನಿಯರನ್ನು ಕೇಳದೆ ಸುತ್ತಿಗೆ ಎತ್ತಬಾರದು.

ಬಿಸಿಲು ನುಗ್ಗೆಮರದ ನೆತ್ತಿಗೆ ಬಂದಿತ್ತು. ಅಕ್ಕ ಬಹಳ ಹೊತ್ತು ಮಾತಾಡಿರಲಿಲ್ಲ. ಆಮೇಲೆ ತಮ್ಮ ಹಳೇ ಮನೆಯ ಕಡೆ ನೋಡುತ್ತಾ ಕೇಳಿದರು: "ಆ ಜಗಲಿ ಕಂಬಗಳನ್ನ ಹೊಸ ಮನೇಲಿ ಎಲ್ಲಾದರೂ ನಿಲ್ಲಿಸೋಕೆ ಆಗುತ್ತೇನಮ್ಮ? ಕಂಟ್ರಾಕ್ಟರು, ಮರದ ಅಂಗಡಿಯವರು ಎತ್ಕೊಂಡು ಹೋಗ್ತಾರೆ, ಒಳ್ಳೇ ರೇಟು ಸಿಗುತ್ತೆ ಅಂದ್ರು. ನಾನು ಕೇಳೋದಕ್ಕೇ ಹೋಗಲಿಲ್ಲ."

"ಅದನ್ನೇ ಮೊದಲು ಕೇಳಿ ಅಕ್ಕ. ಯಾರು ಆ ಪ್ರಶ್ನೆಗೆ ಕೂತು ಯೋಚನೆ ಮಾಡ್ತಾರೋ ಅವರ ಹತ್ರ ಬರೆಸಿ."

ಭಾನುವಾರ ನಮ್ಮ ಆ ಹುಡುಗಿಯನ್ನೂ, ಮೇಸ್ತ್ರಿಯನ್ನೂ ಒಟ್ಟಿಗೇ ಕರೆಯುವುದೆಂದು ಮಾತಾಯಿತು. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಅಕ್ಕ ಕೊಟೇಷನ್ನಿನ ಹಾಳೆಯನ್ನು ಮಗುಚಿ, ಕಾಂಪೌಂಡಿನ ಮೇಲಿಟ್ಟು, ಹಿಂಬದಿಯ ಖಾಲಿ ಜಾಗದಲ್ಲಿ ಒಂದೊಂದಾಗಿ ಬರೆಯತೊಡಗಿದರು. ಜಗಲಿ ಕಂಬ ನಾಲ್ಕು. ಒರಳುಕಲ್ಲಿಗೆ ಜಾಗ. ಅಡಿಗೆಮನೆಗೆ ಬೆಳಗಿನ ಬಿಸಿಲು. ಇವರಿಗೆ ಮಂಡಿನೋವು, ಮೆಟ್ಟಿಲು 6 ಇಂಚು, ಎಲ್ಲವೂ ಒಂದೇ ಸಮ.